ಗಾಡಿ ಗ್ಯಾರೇಜಿನಲ್ಲಿದೆ

ಸ್ಯಾನ್ ಹೋಸೆಯಲ್ಲಿರುವ ನನ್ನ ತಂಗಿಯ ಮಗ ಒಂದು ಭಾನುವಾರ ಫೋನಿನಲ್ಲಿ ಮಾತಾಡುತ್ತ, "ಮಾವ, ನಮ್ಮ ಪಕ್ಕದ ಮನೆ ತಾತನ ಕಾರು ಹನ್ನೆರಡು ವರ್ಷದಿಂದ ಗ್ಯಾರೇಜಲ್ಲೇ ಇದೆ" ಅಂದ. "ಅಯ್ಯೋ ಪಾಪ! ಹನ್ನೆರಡು ವರ್ಷವೇ? ಮೆಕ್ಯಾನಿಕ್ಕನ್ನಾದರೂ ಬದಲಾಯಿಸಬಾರದಿತ್ತೇನೋ?" ಎಂದೆ. ಆ ಕಡೆಯಿಂದ ಬರೀ ನಗು. ನಗು ನಿಂತ ಮೇಲೆ ಗೊತ್ತಾಯಿತು: ತಾತನಿಗೆ ಮೆಕ್ಯಾನಿಕ್ ಇಲ್ಲ, ತಾತನೇ ಮೆಕ್ಯಾನಿಕ್. ಗ್ಯಾರೇಜು ಅಂದರೆ ಅವರ ಮನೆಯದೇ ಒಂದು ಕೋಣೆ, ಅಡುಗೆಮನೆಯ ಬಾಗಿಲು ತೆಗೆದರೆ ಸಿಗುವಂಥದ್ದು. ಅದರೊಳಗೆ 1940ರ ಫೋರ್ಡ್ ಕೂಪ್ ಒಂದನ್ನು ಬಿಚ್ಚಿ ಹರಡಿಕೊಂಡು ಹಾಟ್ ರಾಡ್, ಅಂದರೆ ಹಳೆಯ ಕಾರನ್ನೇ ತಿದ್ದಿದ ವೇಗದ ಗಾಡಿ, ಮಾಡುತ್ತ ಕೂತಿದ್ದಾರೆ. ದಿನಾ ಸಂಜೆ ಎಷ್ಟು ಕೆಲಸವಾಯಿತೆಂದು ಒಂದು ಫೋಟೋ ತೆಗೆದು, ಇದೇ ಹುಚ್ಚಿರುವ ನಾಲ್ಕಾರು ಗೆಳೆಯರಿಗೆ ಕಳಿಸುತ್ತಾರೆ. ಈಗ ನನ್ನ ಅಳಿಯನಿಗೂ ಕಳಿಸುತ್ತಾರೆ, ಅವನು ನನಗೆ ದಾಟಿಸುತ್ತಾನೆ.

ನಾವಿಬ್ಬರೂ ಆಡಿದ್ದು ಕನ್ನಡವೇ, ಬಳಸಿದ್ದು ಒಂದೇ ಪದ. ಆದರೂ ಅವನು ಹೇಳಿದ್ದು ಒಂದು, ನನಗೆ ಕೇಳಿಸಿದ್ದು ಇನ್ನೊಂದು. ಅಂದಿನಿಂದ ಈ 'ಗ್ಯಾರೇಜು' ನನ್ನನ್ನು ಬಿಟ್ಟಿಲ್ಲ.

ಕನ್ನಡದಲ್ಲಿ 'ಗಾಡಿ ಗ್ಯಾರೇಜಲ್ಲಿದೆ' ಅಂದರೆ ಗಾಡಿ ಕೆಟ್ಟಿದೆ ಎಂದೇ ಅರ್ಥ. ಆಫೀಸಿಗೆ ತಡವಾಗಿ ಬಂದವನು ಇಷ್ಟು ಹೇಳಿದರೆ ಸಾಕು, ಯಾರೂ ಮುಂದಕ್ಕೆ ಕೇಳುವುದಿಲ್ಲ. ಅಮೆರಿಕದಲ್ಲಿ ಅದೇ ಮಾತಿಗೆ ಗಾಡಿ ಮನೆಯಲ್ಲಿ ಕ್ಷೇಮವಾಗಿದೆ ಎಂದು ಅರ್ಥ. ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ನಾವು 'ಗ್ಯಾರೇಜು' ಅನ್ನುವುದು ತೀರಾ ಕಡಿಮೆ. ಹಳೆಯ ಬಂಗಲೆಯಾದರೆ ಕಾರ್ ಶೆಡ್ಡು, ಎಂಬತ್ತರ ದಶಕದ ಮನೆಯಾದರೆ ಪೋರ್ಟಿಕೋ, ಅಪಾರ್ಟ್‌ಮೆಂಟಾದರೆ ಬೇಸ್‌ಮೆಂಟು ಅಥವಾ ಬರೀ ಪಾರ್ಕಿಂಗು. ಗ್ಯಾರೇಜು ಎಂಬುದು ಬೀದಿಯ ಕೊನೆಯಲ್ಲಿ ಇನ್ಯಾರೋ ಇಟ್ಟಿರುವ ಜಾಗ. ನಾವು ಈ ಪದದ ಜೊತೆಗೆ ಜೋಡಿಸುವ ಕ್ರಿಯಾಪದಗಳನ್ನೇ ನೋಡಿ. ಗಾಡಿಯನ್ನು ಗ್ಯಾರೇಜಿಗೆ 'ಬಿಡುತ್ತೇವೆ'. ಹುಡುಗರು ಗ್ಯಾರೇಜಿಗೆ 'ಸೇರುತ್ತಾರೆ'. ಕೈ ಪಳಗಿದ ಮೇಲೆ ತಾವೇ ಒಂದು ಗ್ಯಾರೇಜು 'ಇಡುತ್ತಾರೆ'. ಬಿಟ್ಟವರು, ಸೇರಿದವರು, ಇಟ್ಟವರು, ಹೀಗೆ ಮೂರು ಜನರ ಸಂಬಂಧ ಇಲ್ಲಿದೆ. ಸ್ಯಾನ್ ಹೋಸೆಯ ತಾತ ಈ ಮೂವರಲ್ಲಿ ಯಾರೂ ಅಲ್ಲ. ಅವರು ಗ್ಯಾರೇಜಿನಲ್ಲಿ ಇರುತ್ತಾರೆ, ಅಷ್ಟೇ.

ಪದ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗೋಣ. ಕಿಟ್ಟೆಲ್ ಅವರ ನಿಘಂಟಿನಲ್ಲಿ ಹುಡುಕುವ ಶ್ರಮ ಬೇಡ. ಅದು ಅಚ್ಚಾದದ್ದು 1894ರಲ್ಲಿ. ಆಗ ಇಂಗ್ಲಿಷಿಗೇ ಈ ಪದ ಬಂದಿರಲಿಲ್ಲ. ಇಂಗ್ಲಿಷ್ ಅಚ್ಚಿನಲ್ಲಿ ಅದರ ಮೊದಮೊದಲ ಬಳಕೆಗಳಲ್ಲೊಂದು ಕಾಣುವುದು 1902ರ ಜನವರಿಯಲ್ಲಿ, ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯಲ್ಲಿ. ಕ್ವೀನ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿ 80 ಕಾರು ಹಿಡಿಸುವ ಹೊಸ ಜಾಗವೊಂದು ಶುರುವಾದ ಸುದ್ದಿ ಅದು. ಪದವನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಅಚ್ಚು ಹಾಕಿದ್ದರು, ಹೊಸ ನೆಂಟರನ್ನು ಪಡಸಾಲೆಯಲ್ಲೇ ಕೂರಿಸಿದ ಹಾಗೆ. ಅಲ್ಲಿಯವರೆಗೆ ಇಂಗ್ಲಿಷಿನವರು ಕಾರಿನ ಮನೆಗೆ 'ಮೋಟಾರ್ ಸ್ಟೇಬಲ್' ಅನ್ನುತ್ತಿದ್ದುದೂ ಉಂಟು. ಕುದುರೆ ಹೋದರೂ ಲಾಯ ಮಾತ್ರ ಉಳಿದಿತ್ತು. ಆ ಕಾಲಕ್ಕೆ ಕಾರಿನ ವಿಷಯದಲ್ಲಿ ಫ್ರೆಂಚರೇ ಮುಂದು. ಆಟೊಮೊಬೈಲು, ಚಾಸಿ, ಶೋಫರ್ ಎಲ್ಲವೂ ಫ್ರಾನ್ಸಿನಿಂದ ಬಂದ ಸಾಮಾನು. (ಶೋಫರ್ ಅಂದರೆ ಮೂಲದಲ್ಲಿ ಒಲೆ ಹೊತ್ತಿಸಿ ಬಿಸಿ ಮಾಡುವವನು. ಹಾಗಾಗಿ 'ಹಾಟ್' ಎಂಬ ವಿಶೇಷಣ ಕಾರಿಗಿಂತ ಮೊದಲು ಡ್ರೈವರನಿಗೆ ಸಲ್ಲಬೇಕಿತ್ತು.)

ಫ್ರೆಂಚಿನ 'ಗಾರೆ' ಎಂಬ ಕ್ರಿಯಾಪದಕ್ಕೆ ಬದಿಗೆ ಸರಿಸಿ ಭದ್ರವಾಗಿ ನಿಲ್ಲಿಸು ಎಂದರ್ಥ. ಮೊದಲು ಅದು ದೋಣಿಗಳಿಗೆ ಅನ್ವಯವಾಗುತ್ತಿತ್ತು. ನದಿಯಲ್ಲಿ ಎದುರಿನಿಂದ ಬರುವ ದೋಣಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದು ನಿಲ್ಲುವ ತಾವೇ 'ಗಾರ್'. ರೈಲು ಬಂದಾಗ ಅದೇ ಪದ ನಿಲ್ದಾಣದ ಹೆಸರಾಯಿತು. ಪ್ಯಾರಿಸ್ಸಿನ ಗಾರ್ ದು ನಾರ್ ಕಂಡವರಿಗೆ ಇದು ಗೊತ್ತು. ಅಲ್ಲಿಂದ ಹಿಂದಕ್ಕೆ ಹೋದರೆ ಹಳೆಯ ಫ್ರೆಂಚಿನ 'ಗಾರಿರ್', ಅಂದರೆ ಕಾಪಾಡು. ಅದರಾಚೆಗೆ ಜರ್ಮನಿಕ್ ಭಾಷೆಗಳ 'ವರ್' ಎಂಬ ಧಾತು. ಫ್ರೆಂಚರ ನಾಲಿಗೆಯಲ್ಲಿ ಜರ್ಮನಿಕ್ ವಕಾರ ಗಕಾರವಾಯಿತು. ಅದಕ್ಕೇ ಇಂಗ್ಲಿಷಿನಲ್ಲಿ ಒಂದೇ ಪದ ಎರಡು ವೇಷದಲ್ಲಿ ಕೂತಿದೆ: ವಕಾರದ 'ವಾರಂಟಿ', ಗಕಾರದ 'ಗ್ಯಾರಂಟಿ'. ಗ್ಯಾರೇಜು ಈ ಎರಡರ ದಾಯಾದಿ. ಕೋಟೆ ಕಾಯುವ ಪಡೆ ಗ್ಯಾರಿಸನ್ನು, ಪೊಲೀಸರು ತರುವ ವಾರಂಟು ಎಲ್ಲವೂ ಈ ಮನೆತನದವೇ. 2023ರ ವಿಧಾನಸಭಾ ಚುನಾವಣೆಯ ನಂತರ ಕರ್ನಾಟಕದಲ್ಲಿ 'ಗ್ಯಾರಂಟಿ' ಎಂಬ ಪದ ಯಾವ ಅಜ್ಜಿಗೂ ಅರ್ಥ ಹೇಳಬೇಕಾದದ್ದಾಗಿ ಉಳಿದಿಲ್ಲ. ಅದರ ದಾಯಾದಿಯಾದ ಗ್ಯಾರೇಜಿನಲ್ಲಿ ಮಾತ್ರ ಯಾವ ಗ್ಯಾರಂಟಿಯೂ ಸಿಗುವುದಿಲ್ಲ. "ನಾಳೆ ಗ್ಯಾರಂಟಿ ಕೊಡ್ತೀನಿ ಸಾರ್" ಎಂಬ ಒಂದೇ ವಾಕ್ಯದ ಮೇಲೆ ನಾನು ಆರು ದಿನ ನಡೆದುಕೊಂಡು ಓಡಾಡಿದ್ದೇನೆ.

ಇಲ್ಲಿಗೆ ಬಿಟ್ಟರೆ ಇದು ಯುರೋಪಿನ ಕಥೆಯಾಗಿಯೇ ಉಳಿಯುತ್ತಿತ್ತು. ಈ 'ವರ್'ಗೆ ಸಂಸ್ಕೃತದಲ್ಲಿ ಒಡಹುಟ್ಟಿದ ಧಾತು ಇದೆ: ಮುಚ್ಚು, ಸುತ್ತುವರಿ ಎಂಬ ಅರ್ಥದ 'ವೃ'. ಅದರಿಂದಲೇ ನಮ್ಮ ಆವರಣ, ಅನಾವರಣ, ನಿವಾರಣೆ. ಲ್ಯಾಟಿನ್ ಹಾದಿಯಲ್ಲಿ ಬಂದ 'ಕವರ್' ಕೂಡ ಇದೇ ಬಳ್ಳಿಯ ಕಾಯಿ. ಹಾಗಾಗಿ ಕಾರಿಗೆ ಕವರು ಹೊದಿಸಿ, ಕಾಂಪೌಂಡಿನ ಆವರಣದೊಳಗೆ, ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ಒಂದೇ ಬೇರಿನ ಮೂರು ಪದಗಳನ್ನು ಅರಿವಿಲ್ಲದೆ ಆಡಿರುತ್ತೇವೆ.

ಇದೇ ಧಾತುವಿನ ಇನ್ನೊಂದು ಕೂಸು ನನಗೆ ಎಲ್ಲಕ್ಕಿಂತ ಪ್ರಿಯ: ವರೂಥ. ವೇದದಲ್ಲಿ ಅದಕ್ಕೆ ಆಸರೆ, ರಕ್ಷಣೆ ಎಂಬ ಅರ್ಥ. ವೈದಿಕ ಪದಗಳ ನಿಘಂಟು ಅದನ್ನು ಮನೆಯ ಹೆಸರುಗಳ ಸಾಲಿನಲ್ಲಿ ಕೂರಿಸುತ್ತದೆ. ಮುಂದೆ ಅಮರಕೋಶದ ಕಾಲಕ್ಕೆ ಅದೇ ಪದಕ್ಕೆ 'ರಥಗುಪ್ತಿ' ಎಂಬ ಅರ್ಥ ಬಂದಿತ್ತು. ಅಂದರೆ ಒಂದು ರಥಕ್ಕೆ ಇನ್ನೊಂದು ತಾಗಿದರೂ ನಷ್ಟವಾಗದಿರಲೆಂದು ಸುತ್ತ ಕಟ್ಟುತ್ತಿದ್ದ ಮರದ ಕಾಪು. ಇಂದಿನ ಮಾತಿನಲ್ಲಿ ಬಂಪರು, ಮಡ್‌ಗಾರ್ಡು! ವರೂಥವಿದ್ದದ್ದರಿಂದ ಸೇನೆಗೆ 'ವರೂಥಿನಿ' ಎಂದು ಹೆಸರು. ಮನೆಯೂ ಗಾಡಿಯ ಕಾಪೂ ಒಂದೇ ಪದದಲ್ಲಿ ಅಡಗಿದ್ದವು. ಗ್ಯಾರೇಜಿಗೆ ಕನ್ನಡದಲ್ಲೊಂದು ಪದ ಬೇಕೆಂದು ಹಟ ಹಿಡಿಯುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಬೋರ್ಡಿನ ಮೇಲೆ 'ವರೂಥ' ಎಂದು ಬರೆಸಿದರೆ ಗಿರಾಕಿಗಳು ಹೋಟೆಲ್ ಎಂದುಕೊಂಡು ಒಳಗೆ ಬಂದಾರು. ಆದರೆ ತಾತ ಮಾಡುತ್ತಿರುವ ಕೆಲಸಕ್ಕೂ ಈ ಪದಕ್ಕೂ ಒಂದು ತಮಾಷೆಯ ನಂಟಿದೆ. ಹಾಟ್ ರಾಡ್ ಮಾಡುವವರು ಹಳೆಯ ಕಾರಿನಿಂದ ಮೊಟ್ಟಮೊದಲು ಕಿತ್ತೆಸೆಯುತ್ತಿದ್ದದ್ದು ವರೂಥವನ್ನೇ.

ಆ ಕಥೆ ದಕ್ಷಿಣ ಕ್ಯಾಲಿಫೋರ್ನಿಯಾದ ಮೊಜಾವೆ ಮರುಭೂಮಿಯದು. ಅಲ್ಲಿ ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಗಟ್ಟಿ ಮಣ್ಣಿನ ಸಪಾಟು ನೆಲ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿ ಮಾರಿತ್ತು. ಮೂವತ್ತರ ದಶಕದ ಹೊತ್ತಿಗೆ ಅವು ಗುಜರಿ ಬೆಲೆಗೆ ಸಿಗುತ್ತಿದ್ದವು. 1932ರಲ್ಲಿ ಅದೇ ಕಂಪನಿ ಬಡವರ ಕೈಗೆಟುಕುವ ಬೆಲೆಯಲ್ಲಿ ವಿ-8 ಇಂಜಿನ್ನಿನ ಕಾರು ತಂದಿತು. 65 ಅಶ್ವಶಕ್ತಿ. ಕಾಸಿಲ್ಲದ ಹುಡುಗರು ಇಂಥ ಹಳೆಯ ರೋಡ್‌ಸ್ಟರುಗಳ (ಗಟ್ಟಿ ಚಾವಣಿಯಿಲ್ಲದ ತೆರೆದ ಕಾರುಗಳ) ಮಡ್‌ಗಾರ್ಡು, ಬಂಪರು, ಲೈಟು, ಮುಂಗಾಜು ಎಲ್ಲ ಬಿಚ್ಚಿಟ್ಟು, ಭಾರ ಇಳಿಸಿ, ಇಂಜಿನ್ ತಿದ್ದಿ, ವಾರದ ಕೊನೆಗೆ ಒಣಕೆರೆಗೆ ಒಯ್ದು ಯಾರದು ಜೋರು ಎಂದು ಓಡಿಸಿ ನೋಡುತ್ತಿದ್ದರು. 1937ರಲ್ಲಿ ಇವರ ಕೆಲವು ಕ್ಲಬ್ಬುಗಳು ಸೇರಿ ಒಂದು ಸಂಘವಾಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಟ್ಯಾಂಕು, ವಿಮಾನ ರಿಪೇರಿ ಮಾಡಿ ಕಲಿತ ಕೈಗಳನ್ನು ಇದೇ ಹುಚ್ಚಿಗೆ ಹಚ್ಚಿದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಎಂಬ ಪತ್ರಿಕೆಯನ್ನೇ ಶುರು ಮಾಡಿದರು. ಮರುವರ್ಷ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಲ್ಲಿ ವೇಗದ ಜಾತ್ರೆ ಆರಂಭವಾಯಿತು; ಇಂದಿಗೂ ನಡೆಯುತ್ತಿದೆ.

'ಹಾಟ್ ರಾಡ್' ಎಂಬ ಪದ ಬಳಕೆಗೆ ಬಂದದ್ದು ಹೆಚ್ಚುಕಡಿಮೆ ಈ ಯುದ್ಧದ ವರ್ಷಗಳಲ್ಲಿ. ರೋಡ್‌ಸ್ಟರ್ ಎಂಬುದನ್ನೇ ಮೊಟಕು ಮಾಡಿ 'ರಾಡ್' ಅಂದರೆಂದು ಕೆಲವರು. ಇಂಜಿನ್ನಿನ ಒಳಗಿನ ಕನೆಕ್ಟಿಂಗ್ ರಾಡಿನಿಂದ ಬಂತೆಂದು ಕೆಲವರು. ನನ್ನ ಒಲವು ರೋಡ್‌ಸ್ಟರಿನ ಕಡೆಗೆ. ಆ ಪದವೂ ಕಾರಿನದಲ್ಲ, ಮೊದಲು ಅದು ದೂರ ಪ್ರಯಾಣಕ್ಕೆ ಆಗಿಬರುವ ಕುದುರೆಯ ಹೆಸರಾಗಿತ್ತು. ಈ ರೋಡ್‌ಸ್ಟರುಗಳ ಹಿಂಭಾಗದಲ್ಲಿ ಮುಚ್ಚಳ ತೆಗೆದರೆ ಒಂದು ಸೀಟು ಏಳುತ್ತಿತ್ತು. ಅಮೆರಿಕದವರು ಅದಕ್ಕೆ ಬೇರೆ ಹೆಸರಿಟ್ಟರು, ಬ್ರಿಟಿಷರು 'ಡಿಕಿ' ಅಂದರು. ಸಾರೋಟಿನ ಹಿಂಬದಿಯಲ್ಲಿ ಆಳು ಕೂರುತ್ತಿದ್ದ ಸೀಟಿಗೆ ಇದ್ದ ಹೆಸರೇ ಅದು. ಸೀಟು ಮಾಯವಾಗಿ ಮುಚ್ಚಳ ಉಳಿಯಿತು, ನಮ್ಮಲ್ಲಿ ಅದು 'ಡಿಕ್ಕಿ'ಯಾಯಿತು. ಟಗರು ಹೊಡೆಯುವ ಡಿಕ್ಕಿ ನಮ್ಮಲ್ಲಿ ಮೊದಲೇ ಇತ್ತಲ್ಲ! ಹಿಂದಿನಿಂದ ಬಂದ ಲಾರಿ ಕಾರಿನ ಡಿಕ್ಕಿಗೆ ಡಿಕ್ಕಿ ಹೊಡೆಯಿತು ಎಂದು ಬರೆಯುವ ಸುಖ ಕನ್ನಡದ ವರದಿಗಾರನಿಗೆ ಸಿಕ್ಕಿತು. ಇರಲಿ, ಗ್ಯಾರೇಜಿಗೆ ವಾಪಸು ಬರೋಣ.

ಅಮೆರಿಕದಲ್ಲಿ ಶುರುವಿನಲ್ಲಿ ಮನೆಯ ಗ್ಯಾರೇಜು ಹಿತ್ತಲಿನಲ್ಲಿ ಬೇರೆಯಾಗಿ ನಿಂತಿರುತ್ತಿತ್ತು. ಪೆಟ್ರೋಲಿನ ಭಯ ಒಂದು. ಲಾಯ ಇದ್ದ ಜಾಗಕ್ಕೇ ಅದು ಬಂದದ್ದು ಇನ್ನೊಂದು ಕಾರಣ. ಯುದ್ಧದ ನಂತರದ ಮನೆಗಳಲ್ಲಿ ಮೆಲ್ಲಗೆ ಮುಂಬಾಗಿಲ ಪಕ್ಕಕ್ಕೆ ಬಂದು ಮನೆಗೇ ಅಂಟಿಕೊಂಡಿತು. ಕಾರನ್ನು ಹೊರಗೆ ನಿಲ್ಲಿಸಿ ಒಳಗೆ ಬೇರೇನೋ ಮಾಡುವ ಚಾಳಿಯೂ ಬೆಳೆಯಿತು. ನನ್ನ ಅಳಿಯನ ಊರಿನ ಹತ್ತಿರವೇ ಪಾಲೊ ಆಲ್ಟೊದ 367 ಅಡಿಸನ್ ಅವೆನ್ಯೂದಲ್ಲಿ ಒಂದು ಸಣ್ಣ ಮರದ ಗ್ಯಾರೇಜಿದೆ. ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ತಮ್ಮ ಕಂಪನಿ ಶುರು ಮಾಡಿದ್ದು ಅಲ್ಲಿ. ಸಿಲಿಕಾನ್ ಕಣಿವೆ ಹುಟ್ಟಿದ ಜಾಗ ಎಂದು ಸರ್ಕಾರವೇ ಅದಕ್ಕೆ ಫಲಕ ಹಾಕಿದೆ. ಬೆಂಗಳೂರಿನ ಹೊಸ ಕಂಪನಿಗಳ ಹುಡುಗರು 'ಗ್ಯಾರೇಜಿನಲ್ಲಿ ಶುರು ಮಾಡಿದೆವು' ಅನ್ನುವಾಗ ಈ ಅರ್ಥದ ಗ್ಯಾರೇಜು ಕನ್ನಡದೊಳಗೆ ಕಾಲಿಡುತ್ತದೆ. ನಿಜಕ್ಕೂ ಅವರು ಶುರು ಮಾಡಿರುವುದು ಯಾವುದೋ ಮನೆಯ ಮೂರನೇ ಮಹಡಿಯಲ್ಲಿ, ಒಂದು ಬೆಡ್‌ರೂಮಿನಲ್ಲಿ.

ನಮ್ಮ ಕಡೆ ಗ್ಯಾರೇಜಿಗೆ ಆ ಹೊಳಪು ಯಾವತ್ತೂ ಬರಲಿಲ್ಲ. "ಓದದಿದ್ರೆ ಗ್ಯಾರೇಜಿಗೆ ಸೇರಿಸಿಬಿಡ್ತೀನಿ ನೋಡು" ಎಂಬ ಬೆದರಿಕೆ ಕೇಳದೆ ಬೆಳೆದ ಹುಡುಗರು ನನ್ನ ತಲೆಮಾರಿನಲ್ಲಿ ಕಡಿಮೆ. ಕಾಲೇಜು, ಗ್ಯಾರೇಜು ಪ್ರಾಸಕ್ಕೂ ಚೆನ್ನಾಗಿ ಕೂಡುತ್ತವೆ. ಬ್ರಿಟಿಷರ 'ಗ್ಯಾರಿಜ್', ಅಮೆರಿಕದವರ 'ಗರಾಜ್' ಎರಡನ್ನೂ ಬಿಟ್ಟು ನಾವು ಕೊನೆಗೊಂದು ದೀರ್ಘ ಕೊಟ್ಟದ್ದು ಕಾಲೇಜಿನ ಜೋಡಿಗೇ ಇರಬೇಕು ಎಂದು ನನಗೆ ಗುಮಾನಿ. ಅಮೆರಿಕದ ಅಪ್ಪ ಮಗನನ್ನು ಗ್ಯಾರೇಜಿಗೆ ಕರೆದೊಯ್ಯುವುದು ಮುದ್ದು ಮಾಡಲು. ಇಲ್ಲಿ ಗ್ಯಾರೇಜಿಗೆ ಕಳಿಸುವುದು ಕೈಬಿಟ್ಟಾಗ. 'ಟಿಂಕರಿಂಗ್' ಎಂಬ ಪದಕ್ಕೂ ಇದೇ ಗತಿಯಾಗಿದೆ. ಇಂಗ್ಲಿಷಿನಲ್ಲಿ ಹಿಂದೆ ಪಾತ್ರೆ ರಿಪೇರಿ ಮಾಡುತ್ತ ಊರೂರು ಅಲೆಯುತ್ತಿದ್ದವನು ಟಿಂಕರ್. ಅಲ್ಲಿ ಇಂದು ಆ ಮಾತಿಗೆ ಬಿಡುವಿನಲ್ಲಿ ಏನನ್ನಾದರೂ ಬಿಚ್ಚಿ ಕಟ್ಟುತ್ತ ಕೂರುವ ಹವ್ಯಾಸ ಎಂದರ್ಥ. ನಮ್ಮಲ್ಲಿ 'ಟಿಂಕರಿಂಗ್ ಅಂಡ್ ಪೇಂಟಿಂಗ್' ಬೋರ್ಡಿನ ಕೆಳಗೆ ಸುತ್ತಿಗೆ ಹಿಡಿದು ನಜ್ಜಿದ ತಗಡು ತಟ್ಟುವವನ ಹೊಟ್ಟೆಪಾಡು ಅದು.

ಹಾಟ್ ರಾಡ್ ಇಲ್ಲಿ ಬೇರೂರದೆ ಹೋದದ್ದಕ್ಕೆ ಕಾನೂನೂ ಒಂದು ಅಡ್ಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿ ಮಾಡಿ ಹೇಳಿದೆ. ಚಾವಣಿ ಕತ್ತರಿಸಿ ಗಿಡ್ಡ ಮಾಡಿ, ಬಾಡಿಯನ್ನು ಚಾಸಿಯ ಮೇಲಿಂದ ಕೆಳಕ್ಕಿಳಿಸಿ, ಬೇರೆ ಕಾರಿನ ಇಂಜಿನ್ ಕೂರಿಸಿದ್ದನ್ನು ಇಲ್ಲಿ ರಸ್ತೆಗಿಳಿಸಿದರೆ ಸೀದಾ ಆರ್‌ಟಿಓ ಕಚೇರಿಗೆ ಹೋಗಬೇಕಾಗುತ್ತದೆ.

ತಾತನ ಫೋಟೋಗಳ ವಿಷಯಕ್ಕೆ ಬರುತ್ತೇನೆ. ದಿನದಿನದ ಪ್ರಗತಿ ಎಂದರೆ ಏನೋ ದೊಡ್ಡದು ನಡೆಯುತ್ತದೆ ಎಂದುಕೊಂಡಿದ್ದೆ. ಮೂರು ವಾರ ಬಂದದ್ದೆಲ್ಲ ಬೋಲ್ಟಿನ ಚಿತ್ರಗಳು. ಆ ಕಾಲದ ಫೋರ್ಡ್ ವಿ-8ರಲ್ಲಿ ಎರಡು ಹೆಡ್ಡು, ಒಂದೊಂದಕ್ಕೆ 24 ಸ್ಟಡ್ಡು. ಅವುಗಳ ಬುಡ ಇಂಜಿನ್ನಿನೊಳಗೆ ನೀರು ಓಡಾಡುವ ಜಾಗಕ್ಕೆ ಇಳಿದಿರುತ್ತದೆ. ಎಂಬತ್ತು ವರ್ಷದ ನೀರು, ತುಕ್ಕು. ಕಚ್ಚಿ ಕೂತರೆ ಜಗ್ಗುವುದಿಲ್ಲ. ಒಂದು ಸಂಜೆಗೆ ಒಂದು ಸ್ಟಡ್ಡು. ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡುವುದು. ಮರುದಿನ ಉರಿ ಹಿಡಿದು ಕಾಯಿಸುವುದು. ಬಿಸಿ ಇರುವಾಗಲೇ ಮೇಣದ ತುಂಡು ಒತ್ತಿದರೆ ಅದು ಕರಗಿ ಮರೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಸುತ್ತಿಗೆಯಲ್ಲಿ ತಲೆಯ ಮೇಲೆ ನಾಲ್ಕು ಪೆಟ್ಟು, ಬಲವಾಗಿ ಅಲ್ಲ, ಎಬ್ಬಿಸುವ ಹಾಗೆ. ಕಾಲು ಸುತ್ತು ಬಿಚ್ಚು, ಮತ್ತೆ ಅಷ್ಟೇ ಬಿಗಿ, ಮತ್ತೆ ಕಾಲು ಸುತ್ತು ಬಿಚ್ಚು. ಅವಸರ ಮಾಡಿದರೆ ಅರ್ಧಕ್ಕೇ ತುಂಡಾಗುತ್ತದೆ. ಹದಿನೇಳನೆಯ ದಿನದ ಫೋಟೋದಲ್ಲಿ ತುಂಡಾದ ಸ್ಟಡ್ಡೇ ಇತ್ತು. ಕೆಳಗೆ ಒಂದೇ ಪದ ಬರೆದಿದ್ದರು. ಅಳಿಯ ಅದನ್ನು ಕನ್ನಡಿಸಲಿಲ್ಲ, ನಾನೂ ಕನ್ನಡಿಸುವುದಿಲ್ಲ.

ಆ ಫೋಟೋವನ್ನು ನಮ್ಮ ಬೀದಿಯ ಹೊಂಗೆಮರದ ಕೆಳಗೆ ಗ್ಯಾರೇಜು ಇಟ್ಟಿರುವ ಮೇಸ್ತ್ರಿಗೆ ತೋರಿಸಿದೆ. (ಮೇಸ್ತ್ರಿ ಪೋರ್ಚುಗೀಸರಿಂದ ಬಂದವರು, ಅದು ಇನ್ನೊಂದು ವಾರಕ್ಕಿರಲಿ.) ಕೈಗೆ ಗ್ರೀಸಾಗಿತ್ತು, ಫೋನು ಮುಟ್ಟದೆ ಬಗ್ಗಿ ನೋಡಿದರು. "ಮೇಲೆ ಒಂದು ನಟ್ಟು ವೆಲ್ಡ್ ಮಾಡಿ, ಬಿಸಿ ಆರೋಕೆ ಮುಂಚೆ ಪಾನಾ ಹಾಕಿ ತಿರುಗ್ಸೋಕೆ ಹೇಳಿ ಸಾರ್, ಬಂದ್ಬಿಡುತ್ತೆ" ಅಂದರು. ಎಷ್ಟು ದಿನದಿಂದ ಮಾಡ್ತಿದ್ದಾರೆ ಎಂದು ಕೇಳಿದರು. ಹನ್ನೆರಡು ವರ್ಷ ಅಂದೆ.

"ಹನ್ನೆರಡು ವರ್ಷಾನಾ? ಗಿರಾಕಿ ಏನೂ ಅನ್ನಲ್ವಾ?"

"ಗಿರಾಕಿನೂ ಅವರೇ."

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಬೆರಳೊಂದೊಂದನ್ನೇ ಒರೆಸಿಕೊಂಡರು. ಬೋರಿಗೆ ಬಂದ ಮೂರು ಇಂಜಿನ್ನುಗಳು ಅವರ ಹಿಂದೆ ಗೋಣಿಚೀಲದ ಮೇಲೆ ಕೂತಿದ್ದವು. "ಸುಮ್ನೆ ಒಂದು ಸಲ ನಂಗೂ ಅಷ್ಟು ಟೈಮ್ ಕೊಟ್ರೆ ಸಾರ್..." ಎಂದು ಶುರು ಮಾಡಿದವರು, ಅಷ್ಟರಲ್ಲಿ ಸ್ಕೂಟರು ತಳ್ಳಿಕೊಂಡು ಬಂದ ಹೆಂಗಸನ್ನು ಕಂಡು, "ನಾಳೆ ಗ್ಯಾರಂಟಿ ಮೇಡಂ" ಎನ್ನುತ್ತ ಎದ್ದರು.

ಮೇಸ್ತ್ರಿಯ ಸಲಹೆ ಸ್ಯಾನ್ ಹೋಸೆಗೆ ಹೋಯಿತು. ಎರಡು ದಿನ ಬಿಟ್ಟು ಬಂದ ಫೋಟೋದಲ್ಲಿ ಅಂಗೈ ಮೇಲೆ ಮೊಂಡು ಸ್ಟಡ್ಡು, ಅದರ ತಲೆಗೆ ಬೆಸೆದ ನಟ್ಟು.

ಗಾಡಿಯನ್ನು ಮನೆಯಲ್ಲಿ ಕಾಯ್ದಿಡುವ ಜಾಗಕ್ಕೆ ಕನ್ನಡದಲ್ಲಿ ಪದಗಳೇ ಇಲ್ಲ ಎಂದು ನಾನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಹೊರಗೆ ಬರುವ ತೇರಿಗೂ ನಾವು ತಾವು ಮಾಡಿದವರು. ಎತ್ತಿನ ಗಾಡಿಯನ್ನೂ ಮಳೆಗೆ ನೆನೆಯಲು ಬಿಟ್ಟವರಲ್ಲ. ಆ ತಾವುಗಳಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರಿರಬೇಕು, ನಿಘಂಟಿಗೆ ಸೇರದೆ ಮನೆಯ ಹಿರಿಯರ ಬಾಯಲ್ಲೇ ಉಳಿದಿರಬೇಕು. ನಿಮ್ಮ ಊರಿನಲ್ಲಿ ಗಾಡಿ, ತೇರು, ಜೀಪು ನಿಲ್ಲಿಸುವ ಮಾಡಿಗೆ ಏನನ್ನುತ್ತಿದ್ದರು? ಊರು, ತಾಲ್ಲೂಕಿನ ಹೆಸರಿನೊಂದಿಗೆ ಬರೆದು ಕಳಿಸಿ.